ಅಮೆರಿಕದಲ್ಲಿ ಬರುವ ಕ್ಲಾಸ್ ಆ್ಯಕ್ಷನ್ ಕಾರ್ಡು: ಎಸೆಯುವ ಮುಂಚೆ ಓದಿ

ಅಮೆರಿಕದಲ್ಲಿ ನಾಲ್ಕು ದಿನ ಸಂಸಾರ ಹೂಡಿದವರಿಗೆ ಇಂಥದ್ದೊಂದು ಪೋಸ್ಟ್‌ಕಾರ್ಡೋ ಇಮೇಲೋ ಬಂದೇ ಬರುತ್ತದೆ: ನೀವು ಕೊಂಡ ಫೋನಿನ ಕಂಪನಿ ಮೇಲೆ ಮೊಕದ್ದಮೆ ನಡೆದು ರಾಜಿಯಾಗಿದೆ, ನಿಮಗೂ ಹಣ ಸಿಗಬಹುದು. ನಮ್ಮವರಲ್ಲಿ ಕೆಲವರು ಇದನ್ನು ಲಾಟರಿ ಮೋಸವೆಂದು ಕಸದ ಬುಟ್ಟಿಗೆ ಹಾಕುತ್ತಾರೆ. ಇನ್ನು ಕೆಲವರು ಕೋರ್ಟು ಎಂದೊಡನೆ ವೀಸಾ ಕತೆ ಏನಾದೀತೋ ಎಂದು ಹೆದರುತ್ತಾರೆ.

ಇಪ್ಪತ್ತು ಡಾಲರ್ ನಷ್ಟಕ್ಕೆ ಯಾರೂ ವಕೀಲರನ್ನು ಹಿಡಿಯುವುದಿಲ್ಲ. ಅದೇ ನಷ್ಟ ಲಕ್ಷಾಂತರ ಜನರಿಗೆ ಆಗಿದ್ದರೆ ಒಬ್ಬಿಬ್ಬರು ಎಲ್ಲರ ಪರವಾಗಿ ದಾವೆ ಹೂಡಬಹುದು. ಇದೇ ಕ್ಲಾಸ್ ಆ್ಯಕ್ಷನ್. ಫೆಡರಲ್ ಕೋರ್ಟುಗಳಲ್ಲಿ ಇದಕ್ಕೆ ಆಧಾರ ಸಿವಿಲ್ ಪ್ರಕ್ರಿಯೆಯ ನಿಯಮ 23. ಅದರ ಈಗಿನ ಚೌಕಟ್ಟು 1966ರ ತಿದ್ದುಪಡಿಯದು. ವಿಚಿತ್ರವೆಂದರೆ, ಸೇರುತ್ತೀರಾ ಎಂದು ನಿಮ್ಮನ್ನು ಯಾರೂ ಕೇಳುವುದಿಲ್ಲ. 'ಇಂಥ ತಾರೀಖಿನೊಳಗೆ ಇಂಥ ವಸ್ತು ಕೊಂಡವರು' ಎಂಬ ವಿವರಣೆಗೆ ಹೊಂದಿದರೆ ನೀವು ಆಗಲೇ ಗುಂಪಿನೊಳಗೆ.

ಹಾಗಾಗಿ ಸುಮ್ಮನಿದ್ದರೆ ನಷ್ಟ ನಿಮ್ಮದೇ. ಸಾಮಾನ್ಯವಾಗಿ ಕ್ಲೇಮ್ ಫಾರ್ಮ್ ತುಂಬದವರಿಗೆ ಹಣವೂ ಇಲ್ಲ, ಮುಂದೆ ಅದೇ ವಿಷಯಕ್ಕೆ ಆ ಕಂಪನಿಯ ಮೇಲೆ ದಾವೆ ಹೂಡುವ ಹಕ್ಕೂ ಇಲ್ಲ. ರಾಜಿ ಸರಿಯಿಲ್ಲ ಅನಿಸಿದರೆ ನ್ಯಾಯಾಧೀಶರಿಗೆ ಆಕ್ಷೇಪಣೆ ಬರೆಯಬಹುದು. ನಿಮ್ಮ ನಷ್ಟ ದೊಡ್ಡದಾಗಿದ್ದರೆ, ಉದಾಹರಣೆಗೆ ಕಾರಿನ ಎಂಜಿನ್ನೇ ಹೋಗಿದ್ದರೆ, ಗುಂಪಿನಿಂದ ಹೊರಬಂದು ಬೇರೆಯಾಗಿ ದಾವೆ ಹೂಡುವ ಅವಕಾಶವೂ ಇರುತ್ತದೆ; ಅದರ ಗಡುವಿನೊಳಗೆ ವಕೀಲರೊಬ್ಬರನ್ನು ಕೇಳಿ. ಉಳಿದವರಿಗೆ ಫಾರ್ಮ್ ತುಂಬುವುದೇ ಸರಿ.

ಕೈಗೆ ಎಷ್ಟು ಬರುತ್ತದೆ ಎಂಬುದನ್ನು ಮಾತ್ರ ಮೊದಲೇ ಲೆಕ್ಕ ಹಾಕಬೇಡಿ. 2017ರಲ್ಲಿ, ಜನರ ಸಾಲದ ದಾಖಲೆ ಇಡುವ ಈಕ್ವಿಫ್ಯಾಕ್ಸ್ ಕಂಪನಿಯಿಂದ ಸುಮಾರು 14.7 ಕೋಟಿ ಜನರ ಮಾಹಿತಿ ಸೋರಿಹೋಯಿತು. 2019ರ ರಾಜಿಯಲ್ಲಿ 125 ಡಾಲರ್ ಸಿಗುತ್ತದೆಂದು ಜನ ಮುಗಿಬಿದ್ದರು. ಆದರೆ ಆ ಬಾಬ್ತಿಗೆ ಎತ್ತಿಟ್ಟಿದ್ದು 3.1 ಕೋಟಿ ಡಾಲರ್ ಮಾತ್ರ. ಅಷ್ಟು ಸಿಗುವುದಿಲ್ಲ ಎಂದು ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ನೇ ಹೇಳಬೇಕಾಯಿತು. ಆ್ಯಪಲ್ ಹಳೆಯ ಐಫೋನ್‌ಗಳನ್ನು ನಿಧಾನಗೊಳಿಸಿದ ಪ್ರಕರಣದಲ್ಲಿ ಇದರ ತದ್ವಿರುದ್ಧ: ಅಂದಾಜು 25 ಡಾಲರ್, 2024ರ ಜನವರಿಯಲ್ಲಿ ಬಂದದ್ದು ಸುಮಾರು 92. ಊಟಕ್ಕೆ ಕೂತವರು ಕಡಿಮೆಯಾದರೆ ಎಲೆಗೆ ಬೀಳುವುದು ಹೆಚ್ಚು, ಅಷ್ಟೇ. ವಕೀಲರ ಪಾಲು, ಹೆಚ್ಚಾಗಿ ಕಾಲುಭಾಗದಿಂದ ಮೂರನೇ ಒಂದು ಭಾಗ, ಮೊದಲೇ ಕಳೆದಿರುತ್ತದೆ. ಇದು ಹಲವರಿಗೆ ಸಿಟ್ಟು ತರಿಸುತ್ತದೆ. ನನಗೇನೋ, ಅವರಿಲ್ಲದಿದ್ದರೆ ಕಂಪನಿ ಒಂದು ಪೈಸೆಯನ್ನೂ ಬಿಚ್ಚುತ್ತಿರಲಿಲ್ಲ ಅನಿಸುತ್ತದೆ.

ಇನ್ನು ವೀಸಾ ವಿಷಯ. ಎಚ್-1ಬಿ ಇರಲಿ, ವಿದ್ಯಾರ್ಥಿ ವೀಸಾ ಇರಲಿ, ಇಂಥ ಗ್ರಾಹಕ ಪ್ರಕರಣಗಳಲ್ಲಿ ನೋಡುವುದು ವಸ್ತು ಕೊಂಡಿರಾ ಎಂಬುದನ್ನು, ಪೌರತ್ವವನ್ನಲ್ಲ. ನಿಜವಾದ ಅಪಾಯ ಬೇರೆ ಕಡೆ ಇದೆ. 'ರಸೀದಿ ಬೇಕಿಲ್ಲ' ಎಂಬ ಫಾರ್ಮ್‌ಗಳು ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತವೆ, ಕೊಳ್ಳದವರೂ ತುಂಬುತ್ತಾರೆ. ಕೆಳಗಿನ ಸಹಿಯ ಸಾಲು ಓದಿ: ಸುಳ್ಳು ಹೇಳಿದರೆ ಪ್ರಮಾಣ ಮಾಡಿ ಸುಳ್ಳು ಹೇಳಿದ ಅಪರಾಧ. ಗ್ರೀನ್ ಕಾರ್ಡಿಗೆ ಕಾದು ಕೂತವರು ಹತ್ತು ಡಾಲರ್ ಆಸೆಗೆ ಇದಕ್ಕೆ ಸಹಿ ಹಾಕುವುದು ಶುದ್ಧ ಅವಿವೇಕ.

ನಕಲಿ ನೋಟಿಸುಗಳೂ ಇವೆ. ಹಣ ಬಿಡಿಸಿಕೊಳ್ಳಲು ಮೊದಲು ಶುಲ್ಕ ಕಟ್ಟಿ ಎಂದರೆ ಅದು ಮೋಸವೇ. ಲಿಂಕ್ ಒತ್ತುವ ಬದಲು ಕೋರ್ಟಿನ ಹೆಸರು, ಪ್ರಕರಣದ ಸಂಖ್ಯೆ ಹಾಕಿ ನೀವೇ ಹುಡುಕಿ.

ಕೆಲವು ಕಡೆ ದಾರಿ ಮೊದಲೇ ಮುಚ್ಚಿರುತ್ತದೆ. ನಾವು ಓದದೇ 'ಒಪ್ಪಿದೆ' ಎಂದು ಒತ್ತುವ ಷರತ್ತುಗಳಲ್ಲಿ, ತಕರಾರನ್ನು ಖಾಸಗಿ ಮಧ್ಯಸ್ಥಿಕೆಯಲ್ಲಿ ಒಬ್ಬೊಬ್ಬರಾಗಿಯೇ ಬಗೆಹರಿಸಿಕೊಳ್ಳಬೇಕು ಎಂದಿರುತ್ತದೆ. 'ಉಚಿತ' ಫೋನಿಗೆ ಸುಮಾರು 30 ಡಾಲರ್ ತೆರಿಗೆ ಹಾಕಿದ ಫೋನ್ ಕಂಪನಿ ಎಟಿ ಆ್ಯಂಡ್ ಟಿಯ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 2011ರಲ್ಲಿ ಇಂಥ ಷರತ್ತನ್ನು ಎತ್ತಿಹಿಡಿದು ಕಂಪನಿಯ ಪರ ನಿಂತಿತು. ಷರತ್ತಿಗೆ ಒಪ್ಪಿದ 30 ದಿನದೊಳಗೆ ಬರೆದು ತಿಳಿಸಿದರೆ ಕೆಲವು ಕಂಪನಿಗಳು ಅದರಿಂದ ಬಿಡುತ್ತವೆ.

ಫಾರ್ಮ್ ತುಂಬಿದ ಮೇಲೆ ಹಣ ಬರಲು ವರ್ಷಗಳೇ ಹಿಡಿಯಬಹುದು. ಅಷ್ಟರಲ್ಲಿ ನೀವು ಮನೆ ಬದಲಿಸಿರುತ್ತೀರಿ. ಕೆಲಸ ಬಿಟ್ಟರೂ ಉಳಿಯುವ ಸ್ವಂತ ಇಮೇಲ್ ಕೊಡಿ, ವಿಳಾಸ ಬದಲಾದರೆ ತಿಳಿಸಿ. ಬೆಂಗಳೂರಿಗೆ ಮರಳುವವರು ಚೆಕ್ ಬದಲು ಡಿಜಿಟಲ್ ಪಾವತಿ ಆರಿಸಿ, ಇಲ್ಲಿನ ಬ್ಯಾಂಕ್ ಖಾತೆಯನ್ನು ಸ್ವಲ್ಪ ಕಾಲ ಉಳಿಸಿಕೊಳ್ಳಿ. ಡಾಲರ್ ಚೆಕ್ ಊರಿಗೆ ಹೋದರೆ, ಅದನ್ನು ನಗದು ಮಾಡಿಸುವ ಖರ್ಚೇ ಅದರ ಮೊತ್ತವನ್ನು ನುಂಗಬಹುದು.