ಹತ್ತು ಫ್ರೇಮಿನಲ್ಲಿ ಹರಿಯುವ ಲಿಗಮೆಂಟ್: ನನ್ನ ಅನುಭವ

ಮೊಬೈಲ್‌ನ ಸ್ಲೋ ಮೋಷನ್ ಅನ್ನು ಸೆಕೆಂಡಿಗೆ 240 ಫ್ರೇಮಿಗೆ ಇಟ್ಟರೆ ಒಂದೊಂದು ಫ್ರೇಮಿಗೂ ಸುಮಾರು 4 ಮಿಲಿಸೆಕೆಂಡ್. ಪಾದ ನೆಲ ಮುಟ್ಟಿದ ಸುಮಾರು 40 ಮಿಲಿಸೆಕೆಂಡ್‌ನಲ್ಲಿ ಎಸಿಎಲ್ (ಮಂಡಿಯೊಳಗೆ ತೊಡೆಮೂಳೆಗೂ ಕೆಳಗಾಲಿನ ಮೂಳೆಗೂ ಕಟ್ಟಿದ ಲಿಗಮೆಂಟ್) ಹರಿಯುತ್ತದೆ ಅಂತ ಪಂದ್ಯಗಳ ವಿಡಿಯೋ ಇಟ್ಟುಕೊಂಡು ಮಾಡಿದ ಅಧ್ಯಯನಗಳು ಅಂದಾಜಿಸಿವೆ. ಅಂದರೆ ಬರೀ ಹತ್ತು ಫ್ರೇಮು. ಅಷ್ಟರಲ್ಲಿ ‘ಅಯ್ಯೋ ಮಂಡಿ ತಿರುಗ್ತಿದೆ’ ಅಂತ ತಿಳಿದು ಸ್ನಾಯು ಬಿಗಿ ಮಾಡಿಕೊಳ್ಳೋಕೆ ಯಾರಿಂದಲೂ ಆಗಲ್ಲ. ಹಾಗಾಗಿ ಆಟಗಾರರ ಜೊತೆ ಫಿಸಿಯೋ ಆಗಿ ಕೆಲಸ ಮಾಡುವ ನಾನು ಹೆಚ್ಚು ಗಮನ ಕೊಡುವುದು ಕಾಲು ನೆಲ ಮುಟ್ಟುವ ಮೊದಲು ಮೈ ಹೇಗಿತ್ತು ಅನ್ನೋದಕ್ಕೆ.

ಎಸಿಎಲ್‌ನ ಮುಖ್ಯ ಕೆಲಸ ಕೆಳಗಾಲಿನ ಮೂಳೆ ಮುಂದಕ್ಕೆ ಜಾರದಂತೆ ಹಿಡಿಯುವುದು. ಜೊತೆಗೆ ಆ ಮೂಳೆ ಒಳಗೆ ತಿರುಗುವುದನ್ನೂ ತಡೆಯುತ್ತದೆ. ಮಂಡಿ ಹೆಚ್ಚುಕಡಿಮೆ ನೆಟ್ಟಗಿರುವಾಗ, ಅಂದರೆ ಬಾಗು 30 ಡಿಗ್ರಿಗಿಂತ ಕಡಿಮೆ ಇರುವಾಗ, ತೊಡೆಯ ಮುಂದಿನ ಸ್ನಾಯು ಕ್ವಾಡ್ಸ್ ಎಳೆದರೆ ಆ ಮೂಳೆ ಮುಂದಕ್ಕೇ ಬರುತ್ತದೆ. ಹಿಂದಕ್ಕೆ ಎಳೆದು ಹಿಡಿಯಬೇಕಾದ, ತೊಡೆಯ ಹಿಂದಿನ ಸ್ನಾಯು ಹ್ಯಾಮ್‌ಸ್ಟ್ರಿಂಗ್ ಆ ಭಂಗಿಯಲ್ಲಿ ಮೂಳೆಗೆ ಸಮಾನಾಂತರವಾಗಿ ಇರೋದರಿಂದ ಅದರ ಶಕ್ತಿ ಆ ಕಡೆಗೆ ಅಷ್ಟಾಗಿ ಉಪಯೋಗಕ್ಕೆ ಬರಲ್ಲ. ಇದರ ಮೇಲೆ ಮಂಡಿ ಒಳಗೆ ವಾಲಿ, ಮೈಭಾರವೆಲ್ಲ ಒಂದೇ ಕಾಲಿಗೆ ಬಿದ್ದರೆ ಮುಗೀತು. ಹೆಚ್ಚಿನ ಎಸಿಎಲ್ ಗಾಯಗಳಲ್ಲಿ ಯಾರೂ ಬಂದು ಮಂಡಿಗೆ ಗುದ್ದಿರುವುದಿಲ್ಲ. ಒಂಟಿಗಾಲಲ್ಲಿ ಇಳಿಯುವಾಗ, ಓಡುತ್ತಾ ಗಕ್ಕನೆ ನಿಂತು ದಿಕ್ಕು ಬದಲಿಸುವಾಗ ಆಗಿರುತ್ತವೆ.

ನಾನು ಮಾಡುವುದು ಇಷ್ಟೇ. 30 ಸೆಂಟಿಮೀಟರ್ ಎತ್ತರದ ಪೆಟ್ಟಿಗೆ, ಎರಡು ಮೊಬೈಲು: ಒಂದು ಎದುರಿಗೆ ಮಂಡಿಯ ಎತ್ತರಕ್ಕೆ, ಇನ್ನೊಂದು ಪಕ್ಕಕ್ಕೆ. ಮಂಡಿಚಿಪ್ಪು, ಕಣಕಾಲು, ಸೊಂಟದ ಮೂಳೆ, ಈ ಮೂರು ಕಡೆ ಬಣ್ಣದ ಟೇಪ್ ಚೂರು. ಪೆಟ್ಟಿಗೆಯಿಂದ ಇಳಿದ ತಕ್ಷಣ ಆದಷ್ಟು ಎತ್ತರಕ್ಕೆ ನೆಗೆಯಬೇಕು. ಮೊದಲ ಸಲ ಎಲ್ಲರೂ ಕ್ಯಾಮೆರಾ ನೋಡಿ ಬಹಳ ಶಿಸ್ತಾಗಿ ಇಳಿಯುತ್ತಾರೆ, ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಲ್ಲ. ಆಮೇಲೆ ಒಂಟಿಗಾಲಲ್ಲಿ.

ಒಬ್ಬಳು ವಾಲಿಬಾಲ್ ಆಟಗಾರ್ತಿಯ ವಿಡಿಯೋ ಫ್ರೇಮ್ ಫ್ರೇಮಾಗಿ ನೋಡಿದ್ದು ಇನ್ನೂ ನೆನಪಿದೆ. ಮುಂಗಾಲು ತಾಗಿತು, ಎರಡು ಮೂರು ಫ್ರೇಮಿಗೇ ಹಿಮ್ಮಡಿ ದಪ್ ಅಂತ ಕೂತಿತು. ಮಂಡಿ ಬಾಗಲೇ ಇಲ್ಲ, ಬದಲಿಗೆ ಚಿಪ್ಪಿನ ಮೇಲಿನ ಟೇಪ್ ಹೆಬ್ಬೆರಳ ಗೆರೆ ದಾಟಿ ಒಳಗೆ ಹೋಯಿತು. ಅದೇ ಹೊತ್ತಿಗೆ ಎದೆ ಅದೇ ಕಾಲಿನ ಕಡೆ ವಾಲಿತ್ತು. ಎಲ್ಲರೂ ಮಂಡಿಯನ್ನೇ ನೋಡುತ್ತಾರೆ, ಆದರೆ ಅಲ್ಲಿ ಕೈಕೊಟ್ಟಿದ್ದು ಸೊಂಟ ಮತ್ತು ಮುಂಡ. ಇನ್ನೊಂದು ಮಾತು: ಎದುರಿನ ಕ್ಯಾಮೆರಾದಲ್ಲಿ ‘ಮಂಡಿ ಒಳಗೆ ಬಂತು’ ಅಂತ ಕಾಣೋದರಲ್ಲಿ ತೊಡೆ ತಿರುಗಿದ್ದೆಷ್ಟು, ಕೀಲು ನಿಜಕ್ಕೂ ವಾಲಿದ್ದೆಷ್ಟು ಅಂತ ಬೇರೆ ಮಾಡೋಕೆ ಆಗಲ್ಲ.

ಈ ಪರೀಕ್ಷೆಯಿಂದ ಯಾರಿಗೆ ಗಾಯ ಆಗುತ್ತದೆ ಅಂತ ಮೊದಲೇ ಹೇಳಬಹುದಾ? 2005ರಲ್ಲಿ ಸಂಶೋಧಕ ಹೆವೆಟ್ ಅವರ ತಂಡ 205 ಆಟಗಾರ್ತಿಯರನ್ನು ಪರೀಕ್ಷಿಸಿತ್ತು, ಮುಂದೆ ಎಸಿಎಲ್ ಹರಿದುಕೊಂಡವರ ಮಂಡಿ ಇಳಿಯುವಾಗಲೇ ಜಾಸ್ತಿ ಒಳಗೆ ವಾಲುತ್ತಿತ್ತು ಅಂತ ಕಂಡಿತು. ಆದರೆ ಅವರಲ್ಲಿ ಗಾಯಗೊಂಡವರು ಬರೀ 9 ಮಂದಿ. 2016ರಲ್ಲಿ ಕ್ರೋಸ್‌ಹಾಗ್ ಮತ್ತು ಸಂಗಡಿಗರು ಇನ್ನೂ ದೊಡ್ಡ ಗುಂಪನ್ನು ನೋಡಿ, ಈ ಜಿಗಿತದಿಂದ ಗಾಯವನ್ನು ಊಹಿಸೋಕೆ ಆಗಲ್ಲ ಅಂದರು. ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ. ಭವಿಷ್ಯ ಹೇಳೋಕೆ ಅಲ್ಲ, ಆಟಗಾರರಿಗೆ ತಮ್ಮ ಕಾಲು ತೋರಿಸೋಕೆ ನಾನು ಇದನ್ನು ಬಳಸುತ್ತೇನೆ. ತಾವೇ ನೋಡಿದ ಮೇಲೆ ಮಾತು ಬೇಗ ತಲೆಗೆ ಹೋಗುತ್ತದೆ.

ತಿದ್ದುವಾಗ ‘ಮಂಡಿ ಹೊರಗಿಡು’ ಅಂತ ಹೇಳೋದನ್ನು ಬಿಟ್ಟಿದ್ದೇನೆ. ‘ಸದ್ದಾಗದ ಹಾಗೆ ಇಳಿ’ ಅಂದರೆ ಸಾಕು, ಮಂಡಿ ಸೊಂಟ ಎರಡೂ ತಾನಾಗೇ ಬಾಗುತ್ತವೆ. ಜೊತೆಗೆ ನಾರ್ಡಿಕ್ ಹ್ಯಾಮ್‌ಸ್ಟ್ರಿಂಗ್ (ಮಂಡಿಯೂರಿ, ಹಿಮ್ಮಡಿ ಹಿಡಿಸಿಕೊಂಡು ಮೈಯನ್ನು ನಿಧಾನಕ್ಕೆ ಮುಂದಕ್ಕೆ ಇಳಿಸುವುದು), ಪೃಷ್ಠದ ಸ್ನಾಯುಗಳಿಗೆ ವ್ಯಾಯಾಮ. ಇದು ರೂಢಿಯಾದ ಮೇಲೆ, ಅವರು ಗಾಳಿಯಲ್ಲಿರುವಾಗಲೇ ಚೆಂಡು ಎಸೆಯುತ್ತೇನೆ, ಇಲ್ಲವೇ ಭುಜಕ್ಕೆ ಮೆತ್ತಗೆ ತಳ್ಳುತ್ತೇನೆ. ಪಂದ್ಯದಲ್ಲಿ ಯಾರೂ ಮಂಡಿ ನೆನೆಸಿಕೊಂಡು ಇಳಿಯಲ್ಲ, ಅಲ್ವಾ? ಸ್ನಾಯು ನೆಲ ಮುಟ್ಟುವ ಮುಂಚೆಯೇ ಬಿಗಿಯಾಗಿರುವ ಅಭ್ಯಾಸ ಗಮನ ಬೇರೆ ಕಡೆ ಇದ್ದಾಗಲೂ ಉಳಿಯಬೇಕು. ದಿಕ್ಕು ಬದಲಿಸುವಾಗ ಕೊನೆಯ ಹೆಜ್ಜೆಯಲ್ಲಿ ಬ್ರೇಕ್ ಹಾಕುವ ಬದಲು ಅದರ ಹಿಂದಿನ ಹೆಜ್ಜೆಯಲ್ಲೇ ವೇಗ ಇಳಿಸುವುದನ್ನು ಕಲಿಸುತ್ತೇನೆ. ಇದಕ್ಕೆ ಜಾಸ್ತಿ ಸಮಯ ಹಿಡಿಯುತ್ತದೆ.

ಸರ್ಜರಿ ಆದವರದ್ದು ಬೇರೆಯೇ ಕಥೆ. ಒಂಟಿಗಾಲ ಜಿಗಿತದಲ್ಲಿ ಎರಡೂ ಕಾಲಿನ ದೂರ ಸರಿಸುಮಾರು ಒಂದೇ ಬಂತು, ಗಾಯದ ಕಾಲಿನದು ಇನ್ನೊಂದರ 90 ಪ್ರತಿಶತ ದಾಟಿತು ಅಂತ ಖುಷಿಯಾಗಿ ಬರುತ್ತಾರೆ. ಪಕ್ಕದ ವಿಡಿಯೋ ನೋಡಿದರೆ ಮಂಡಿ ಕೆಲಸವೇ ಮಾಡಿರುವುದಿಲ್ಲ, ಸೊಂಟ ಮತ್ತು ಕಣಕಾಲು ಸೇರಿ ಅಷ್ಟು ದೂರ ತಳ್ಳಿರುತ್ತವೆ. ಅಂಥವರಿಗೆ ಸರ್ಜರಿಯಾಗಿ ಒಂಬತ್ತು ತಿಂಗಳು ಕಳೆದಿದ್ದರೂ ನಾನು ಪಂದ್ಯಕ್ಕೆ ಹೂಂ ಅನ್ನಲ್ಲ. ಕ್ವಾಡ್ಸ್ ಬಲ ಬೇರೆಯಾಗಿ ಅಳೆದು, ಅದು ಸರಿಯಾಗುವವರೆಗೆ ಮತ್ತೆ ಜಿಮ್‌ಗೇ ಕಳಿಸುತ್ತೇನೆ.