ಅಪ್ಪ ಅಮ್ಮನ ಉಸಿರಿನ ಲೆಕ್ಕದಲ್ಲಿ ರೂಪಿಸಿದ ರಾಕಿ ಪರ್ವತದ ಪ್ರವಾಸ

ಕೊಲೊರಾಡೊದ ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗೋಣವೆಂದು ಫೋನಿನಲ್ಲಿ ಹೇಳಿದಾಗ, ಚಿಕ್ಕಮಗಳೂರಿನಿಂದ ಅಪ್ಪ, "ಮುಳ್ಳಯ್ಯನಗಿರಿಯ ಕೆಳಗೆ ಹುಟ್ಟಿ ಬೆಳೆದವರಿಗೆ ಬೆಟ್ಟ ತೋರಿಸೋಕೆ ಕರೀತಿದ್ದೀಯಾ?" ಎಂದು ಕೇಳಿದರು. ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್ ಎತ್ತರವಿದೆ. ನಾವು ತಂಗಬೇಕೆಂದಿದ್ದ ಎಸ್ಟೆಸ್ ಪಾರ್ಕ್ ಎಂಬ ಊರು 7,522 ಅಡಿ, ಅಂದರೆ ಹೆಚ್ಚುಕಡಿಮೆ 2,300 ಮೀಟರ್ ಎತ್ತರದಲ್ಲಿದೆ. ಅಪ್ಪ ರಾತ್ರಿ ಮಲಗುವ ಕೋಣೆಯೇ ಅವರ ಗಿರಿಯ ತುದಿಗಿಂತ ಮೇಲಿತ್ತು. ಅಲ್ಲಿಂದ ಹೊರಡುವ ಟ್ರೇಲ್ ರಿಡ್ಜ್ ರಸ್ತೆ 12,183 ಅಡಿಯವರೆಗೆ ಏರುತ್ತದೆ, ಅದು ಮುಳ್ಳಯ್ಯನಗಿರಿಯ ಸರಿಸುಮಾರು ಎರಡರಷ್ಟು. ನಾವಿರುವ ಡಲ್ಲಾಸ್ ಸಮುದ್ರಮಟ್ಟದಿಂದ ಐನೂರು ಅಡಿಯೂ ಮೇಲಿಲ್ಲ. ಎಪ್ಪತ್ತೊಂದು ವರ್ಷದ ಅಪ್ಪ, ಅರವತ್ತಾರರ ಅಮ್ಮ, ಹತ್ತು ಮತ್ತು ಆರು ವರ್ಷದ ಇಬ್ಬರು ಮಕ್ಕಳನ್ನು ಕರೆದುಕೊಂಡು ಹೋಗುವ ಈ ಪ್ರವಾಸವನ್ನು ನೋಡಬೇಕಾದ ಜಾಗಗಳ ಪಟ್ಟಿಯಿಂದ ಅಲ್ಲ, ಎತ್ತರ ಮತ್ತು ಹಿಮ ಎಂಬ ಎರಡೇ ಸಂಗತಿಗಳಿಂದ ರೂಪಿಸಬೇಕೆಂದು ನಾನು ಮೊದಲ ದಿನವೇ ತೀರ್ಮಾನಿಸಿದೆ.

ಈ ತೀರ್ಮಾನದ ಹಿಂದೆ ಒಂದು ಕಹಿ ಅನುಭವವಿತ್ತು. ಮೂರು ವರ್ಷದ ಹಿಂದೆ ನಾವು ನಾಲ್ವರೇ ಹೋಗಿದ್ದಾಗ, ಬೆಳಗಿನ ವಿಮಾನದಲ್ಲಿ ಡೆನ್ವರ್‌ಗೆ ಇಳಿದು, ಒಂದು ದಿನವನ್ನೂ ವ್ಯರ್ಥ ಮಾಡಬಾರದೆಂಬ ಹುಮ್ಮಸ್ಸಿನಲ್ಲಿ ಅದೇ ಮಧ್ಯಾಹ್ನ 9,475 ಅಡಿ ಎತ್ತರದ ಬೇರ್ ಲೇಕ್‌ಗೆ ಕಾರು ಓಡಿಸಿದ್ದೆವು. ದಾರಿಯುದ್ದಕ್ಕೂ ತಲೆನೋವೆಂದು ಅಳುತ್ತಿದ್ದ ಮಗಳು ಸರೋವರದ ಪಕ್ಕದಲ್ಲೇ ವಾಂತಿ ಮಾಡಿಕೊಂಡಳು, ರಾತ್ರಿಯಿಡೀ ನಿದ್ದೆ ಮಾಡಲಿಲ್ಲ. ಅದು ಪ್ರಯಾಣದ ಆಯಾಸವೆಂದೇ ನಾನು ಆಗ ತಿಳಿದಿದ್ದೆ. ಎತ್ತರಕ್ಕೆ ದೇಹ ಒಗ್ಗಿಕೊಳ್ಳಲು ಸಮಯ ಬೇಕು, 12,000 ಅಡಿಯಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಮೂರನೇ ಎರಡು ಭಾಗಕ್ಕಿಂತಲೂ ಕಡಿಮೆ ಎಂಬುದನ್ನು ಆಮೇಲೆ ಓದಿ ತಿಳಿದುಕೊಂಡಾಗ, ಮಗುವನ್ನು ಹಾಗೆ ನೋಯಿಸಿದ್ದಕ್ಕೆ ಬಹಳ ಬೇಸರವಾಯಿತು. ಆದ್ದರಿಂದ ಈ ಸಲ ಮೊದಲ ರಾತ್ರಿ ಡೆನ್ವರ್‌ನಲ್ಲೇ 5,280 ಅಡಿಯಲ್ಲಿ ತಂಗುವುದು, ಎರಡನೆಯ ರಾತ್ರಿಗೆ ಎಸ್ಟೆಸ್ ಪಾರ್ಕ್, ಅಲ್ಲಿ ಎರಡು ರಾತ್ರಿ ಕಳೆದ ಮೇಲಷ್ಟೇ ಇನ್ನೂ ಮೇಲಕ್ಕೆ ಎಂದು ಮೆಟ್ಟಿಲು ಕಟ್ಟಿದಂತೆ ದಿನಗಳನ್ನು ಜೋಡಿಸಿದೆ.

ದಿನಾಂಕ ನಿಗದಿಪಡಿಸುವುದು ಇದಕ್ಕಿಂತ ಕಷ್ಟವಾಯಿತು. ನಮ್ಮ ಕಡೆ ವಸಂತವೆಂದರೆ ಯುಗಾದಿ, ಮಾವಿನ ಚಿಗುರು. ರಾಕಿ ಪರ್ವತದಲ್ಲಿ ಮೇ ಕೊನೆಯೆಂದರೆ ತಪ್ಪಲಿನಲ್ಲಿ ಹಸಿರು, ನಡುವೆ ಕರಗುತ್ತಿರುವ ಹಿಮ, ಮೇಲೆ ಇನ್ನೂ ಚಳಿಗಾಲ. ಅಕ್ಟೋಬರ್‌ನಲ್ಲಿ ಮುಚ್ಚುವ ಟ್ರೇಲ್ ರಿಡ್ಜ್ ರಸ್ತೆಯ ಹಿಮವನ್ನು ಏಪ್ರಿಲ್ ಮಧ್ಯದಿಂದ ತೆಗೆಯಲು ತೊಡಗುತ್ತಾರೆ, ಮೇ ಕೊನೆಯ ಸೋಮವಾರದ ಮೆಮೋರಿಯಲ್ ಡೇ ರಜೆಯ ಹೊತ್ತಿಗೆ ತೆರೆಯುವುದು ವಾಡಿಕೆ, ಆದರೆ ಕೊನೆಯ ಮಾತು ಹವಾಮಾನದ್ದೇ. ಮಕ್ಕಳ ಶಾಲೆ ಮುಗಿದಿರಬೇಕು, ರಜೆಯ ಜನಜಂಗುಳಿ ಇಳಿದಿರಬೇಕು, ರಸ್ತೆ ತೆರೆದಿರುವ ಸಂಭವವೂ ಹೆಚ್ಚಿರಬೇಕು ಎಂದು ಆ ಸೋಮವಾರದ ಮರುವಾರವನ್ನು ಆರಿಸಿಕೊಂಡೆವು. ಹಾಗಿದ್ದರೂ ರಸ್ತೆ ತೆರೆಯುವುದೇ ಇಲ್ಲವೆಂದು ಭಾವಿಸಿ ಯೋಜನೆ ಮಾಡಿದೆ. ಅದೊಂದು ರಸ್ತೆಯನ್ನೇ ನಂಬಿ ಹೋಗಿ, ಅದು ಮುಚ್ಚಿದ್ದರೆ ಮುಖ ಬಾಡಿಸಿಕೊಂಡು ಹಿಂದಿರುಗುವ ಪ್ರವಾಸ ನನಗೆ ಬೇಕಿರಲಿಲ್ಲ. ಇದರ ಜೊತೆಗೆ, ಏನನ್ನೂ ಗೊತ್ತುಮಾಡದ ಒಂದು ದಿನವನ್ನು ನಡುವೆ ಖಾಲಿ ಬಿಟ್ಟೆ. ಇಡೀ ಯೋಜನೆಯಲ್ಲಿ ನಾನು ಮಾಡಿದ ಅತ್ಯಂತ ಒಳ್ಳೆಯ ಕೆಲಸ ಅದೇ ಎಂದು ಈಗಲೂ ನಂಬಿದ್ದೇನೆ.

ಪ್ರವೇಶದ ವಿಷಯವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ನಾವು ಹೋದಾಗ ಮೇ ಕೊನೆಯಿಂದ ಅಕ್ಟೋಬರ್‌ವರೆಗೆ ಸಮಯ ಕಾದಿರಿಸಿಕೊಂಡೇ ಒಳಗೆ ಹೋಗಬೇಕಿತ್ತು. ಬೇರ್ ಲೇಕ್ ರಸ್ತೆಗೆ ಬೆಳಗಿನ 5ರಿಂದ ಸಂಜೆ 6ರವರೆಗೆ, ಉದ್ಯಾನದ ಉಳಿದ ಭಾಗಕ್ಕೆ ಬೆಳಗಿನ 9ರಿಂದ ಮಧ್ಯಾಹ್ನ 2ರವರೆಗೆ ಕಾಯ್ದಿರಿಸುವಿಕೆ ಕಡ್ಡಾಯ, ಅದಕ್ಕೆ ಶುಲ್ಕ 2 ಡಾಲರ್. ಮೇ 1ರಂದು ಕೊಲೊರಾಡೊದ ಸಮಯ ಬೆಳಿಗ್ಗೆ 8ಕ್ಕೆ, ಡಲ್ಲಾಸಿನಲ್ಲಿ 9ಕ್ಕೆ, ಕಾಯ್ದಿರಿಸುವಿಕೆ ಆರಂಭವಾಗುವ ಮೊದಲೇ ನಾನೂ ನಮ್ಮ ಮನೆಯವರೂ ಎರಡು ಕಂಪ್ಯೂಟರ್‌ಗಳ ಮುಂದೆ ಲಾಗಿನ್ ಆಗಿ ಕುಳಿತಿದ್ದೆವು. ಬೇರ್ ಲೇಕ್ ರಸ್ತೆಗೆ ಒಂದೇ ದಿನ, ಬೆಳಗಿನ 7ರಿಂದ 9ರ ನಡುವಿನ ಪ್ರವೇಶ ಸಿಕ್ಕಿತು. ಟ್ರೇಲ್ ರಿಡ್ಜ್‌ಗೆ ಏನನ್ನೂ ಕಾದಿರಿಸಲಿಲ್ಲ. ಹಿರಿಯರು ಹೇಗೂ ಐದು ಗಂಟೆಗೆ ಎದ್ದು ಕಾಫಿ ಕುಡಿದಿರುತ್ತಾರೆ, 9ಕ್ಕೆ ಮುಂಚೆ ಗೇಟು ದಾಟುವುದು ನಮ್ಮ ಮನೆಗೆ ಕಷ್ಟವಾಗಿರಲಿಲ್ಲ. ಮಗಳು ನಾಲ್ಕನೆಯ ತರಗತಿಯಲ್ಲಿದ್ದಳು. ಆ ತರಗತಿಯ ಮಕ್ಕಳಿಗೆ ಅಮೆರಿಕದ ರಾಷ್ಟ್ರೀಯ ಉದ್ಯಾನಗಳು ಒಂದು ವರ್ಷದ ಉಚಿತ ಪಾಸ್ ಕೊಡುತ್ತವೆ, ಕಾರಿನಲ್ಲಿರುವ ಕುಟುಂಬವೂ ಅದರಲ್ಲೇ ಒಳಗೆ ಹೋಗಬಹುದು. ಅದರ ಚೀಟಿಯನ್ನು ಮಾತ್ರ ಆಗ ಕಾಗದದ ಮೇಲೆ ಮುದ್ರಿಸಿಕೊಂಡೇ ಹೋಗಬೇಕಿತ್ತು, ಫೋನಿನಲ್ಲಿ ತೋರಿಸಿದರೆ ನಡೆಯುತ್ತಿರಲಿಲ್ಲ.

ಊಟದ ಬಗ್ಗೆ ನಾನು ಸ್ವಲ್ಪ ಹೆಚ್ಚೇ ಯೋಚಿಸಿದ್ದೆ, ಏಕೆಂದರೆ ಅಪ್ಪನಿಗೆ ರಾತ್ರಿ ಬಿಸಿ ಅನ್ನ, ಸಾರು ಇಲ್ಲದಿದ್ದರೆ ಊಟ ಮಾಡಿದಂತಾಗುವುದಿಲ್ಲ. ಅಡುಗೆಮನೆ ಇದೆಯೆಂದು ಬರೆದಿದ್ದ ಒಂದು ವಸತಿಗೆ ಫೋನ್ ಮಾಡಿ ವಿಚಾರಿಸಿದರೆ ಅಲ್ಲಿ ಮೈಕ್ರೋವೇವ್ ಬಿಟ್ಟರೆ ಬೇರೇನೂ ಇರಲಿಲ್ಲ. ಅದನ್ನು ರದ್ದುಮಾಡಿ, ಒಲೆಯಿರುವ ಎರಡು ಕೋಣೆಯ ಮರದ ಕ್ಯಾಬಿನ್ ಹಿಡಿದೆ. ಐದು ಲೀಟರಿನ ಕುಕ್ಕರನ್ನು ಬಟ್ಟೆಯಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿ ಇಡುವಾಗ ಇದು ಅತಿಯಾಯಿತೆಂದು ಮನೆಯವರು ಹೇಳಿದ್ದರು. ಆದರೆ ಎಸ್ಟೆಸ್ ಪಾರ್ಕಿನ ಎತ್ತರದಲ್ಲಿ ನೀರು ಸುಮಾರು 92 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಮೊದಲ ಸಂಜೆ ಅಮ್ಮ ಅಲ್ಲಿದ್ದ ಪಾತ್ರೆಯಲ್ಲೇ ಅನ್ನಕ್ಕಿಟ್ಟರು. ನೀರು ತಳಮಳ ಕುದಿಯುತ್ತಲೇ ಇತ್ತು, ಆವಿಯಾಗುತ್ತಲೇ ಇತ್ತು, ಅಮ್ಮ ಎರಡು ಸಲ ನೀರು ಸೇರಿಸಿದರು, ಅರ್ಧ ಗಂಟೆಯ ಮೇಲೆ ಒಂದು ಅಗುಳನ್ನು ಬೆರಳಿನಲ್ಲಿ ಹಿಸುಕಿದಾಗ ನಡುವೆ ಬಿಳಿಯ ಗಟ್ಟಿ ಚುಕ್ಕೆ ಹಾಗೆಯೇ ಉಳಿದಿತ್ತು. "ಈ ಊರಿನ ಬೆಂಕೀಲಿ ಕಾವೇ ಇಲ್ಲ ಕಣೇ" ಎಂದರು. ಕುಕ್ಕರಿನಲ್ಲಿ ಮತ್ತೆ ಎರಡು ಕೂಗು ಕೂಗಿಸಿದ ಮೇಲೆ ಅನ್ನ ಮೆತ್ತಗಾಯಿತು. ಕೋಡುಬಳೆಯ ಪೊಟ್ಟಣ ಬಲೂನಿನಂತೆ ಉಬ್ಬಿದ್ದನ್ನು ಮಕ್ಕಳು ಅದೇ ಹೊತ್ತಿಗೆ ಕಂಡು, ಎರಡಕ್ಕೂ ಗಾಳಿಯ ಒತ್ತಡವೇ ಕಾರಣವೆಂದು ಅಜ್ಜನಿಗೆ ವಿವರಿಸಿದರು. ಕಪ್ಪು ಕರಡಿಗಳು ತಿರುಗುವ ಸೀಮೆಯಾದ್ದರಿಂದ, ರಾತ್ರಿ ಒಂದು ಬಿಸ್ಕತ್ತನ್ನೂ ಕಾರಿನಲ್ಲಿ ಬಿಡದೆ ಎಲ್ಲವನ್ನೂ ಒಳಗೆ ತರುವುದನ್ನು ಆರು ವರ್ಷದ ಮಗನಿಗೆ ಒಪ್ಪಿಸಿದ್ದೆ. ಅವನು ಅದನ್ನು ಒಂದು ದಿನವೂ ಮರೆಯಲಿಲ್ಲ.

ಉಡುಪಿನ ವಿಷಯದಲ್ಲಿ ಅಮ್ಮ ಸೀರೆ ಬಿಡುವುದಿಲ್ಲವೆಂದರು, ನಾನೂ ಒತ್ತಾಯಿಸಲಿಲ್ಲ. ಒಳಗೆ ಉಣ್ಣೆಯ ಥರ್ಮಲ್, ಮೇಲೆ ಗಿಡ್ಡವಾಗಿ ಉಟ್ಟ ಸಿಂಥೆಟಿಕ್ ಸೀರೆ, ಅದರ ಮೇಲೆ ಗಾಳಿ ಮತ್ತು ನೀರು ತಡೆಯುವ ಜಾಕೆಟ್, ಕಾಲಿಗೆ ಹಿಡಿತದ ತಳವಿರುವ ಬೂಟು. ಒದ್ದೆಯಾದರೆ ಬೇಗ ಒಣಗದ ಹತ್ತಿಬಟ್ಟೆಯನ್ನು ಎಲ್ಲರಿಗೂ ತಪ್ಪಿಸಿದೆ. ಹಿಮದ ಮೇಲಿನ ಬಿಸಿಲು ಕಣ್ಣು ಕುಕ್ಕುವುದರಿಂದ ಕಪ್ಪು ಕನ್ನಡಕ ಅಗತ್ಯ. ಅಪ್ಪನ ರಕ್ತದೊತ್ತಡದ ಮಾತ್ರೆಗಳ ಬಗ್ಗೆ ಊರಿನ ವೈದ್ಯರನ್ನೂ ಇಲ್ಲಿನ ವೈದ್ಯರನ್ನೂ ಕೇಳಿ ಬರೆದಿಟ್ಟುಕೊಂಡೆ, ಪ್ರವಾಸಿ ವಿಮೆಯ ಪತ್ರವನ್ನು ಅದರ ಜೊತೆಗೇ ಇಟ್ಟೆ. ಉದ್ಯಾನದೊಳಗೆ ಪೆಟ್ರೋಲ್ ಸಿಗುವುದಿಲ್ಲ, ಮೊಬೈಲ್ ಸಿಗ್ನಲ್ ಅಪರೂಪ. ನಕ್ಷೆಯನ್ನು ಮೊದಲೇ ಇಳಿಸಿಕೊಂಡು, ಪ್ರತಿ ಬೆಳಿಗ್ಗೆ ಟ್ಯಾಂಕ್ ತುಂಬಿಸಿಕೊಂಡೆವು.

ಬೇರ್ ಲೇಕ್ ರಸ್ತೆಯ ದಿನವನ್ನು ಸ್ಪ್ರೇಗ್ ಲೇಕ್‌ನಿಂದ ಆರಂಭಿಸಿದ್ದು ಸರಿಯಾಯಿತು. ಅದರ ಸುತ್ತಲಿನ ದಾರಿ ಒಂದು ಮೈಲಿಯೂ ಇಲ್ಲ, ಗಾಲಿಕುರ್ಚಿಯೂ ಹೋಗುವಷ್ಟು ಸಮತಟ್ಟು, ಅಲ್ಲಲ್ಲಿ ಬೆಂಚುಗಳು. ಎದುರಿನ ಹಿಮಶಿಖರಗಳು ನೀರಿನಲ್ಲಿ ತಲೆಕೆಳಗಾಗಿ ನಿಂತಿದ್ದವು. ಬೇರ್ ಲೇಕ್‌ನಲ್ಲಿ ದಾರಿಯೆಲ್ಲ ತುಳಿದು ಗಟ್ಟಿಯಾದ ಹಿಮ. ಊರಿನ ಅಂಗಡಿಯಲ್ಲಿ ಬಾಡಿಗೆಗೆ ತಂದಿದ್ದ, ಬೂಟಿಗೆ ಎಳೆದು ಹಾಕುವ ಮುಳ್ಳಿನ ಸರಪಳಿಗಳನ್ನು ತೊಡಿಸಿ ಅಮ್ಮನ ಎರಡೂ ಕೈ ಹಿಡಿದುಕೊಂಡೆ. ಅವರು ಇಪ್ಪತ್ತು ಹೆಜ್ಜೆ ನಡೆದು, ಬಗ್ಗಿ ಒಂದು ಹಿಡಿ ಹಿಮ ತೆಗೆದುಕೊಂಡು, ಅದು ಕರಗಿ ಬೆರಳ ಸಂದಿಯಿಂದ ಇಳಿಯುವವರೆಗೂ ನೋಡುತ್ತ ನಿಂತರು. ಮಕ್ಕಳನ್ನು ಮನೆಯವರು ಅರ್ಧ ಮೈಲಿ ಮೇಲಿನ ನಿಂಫ್ ಲೇಕ್‌ಗೆ ಕರೆದೊಯ್ದರು, ಹಿರಿಯರಿಬ್ಬರೂ ಫ್ಲಾಸ್ಕಿನ ಕಾಫಿ ಕುಡಿಯುತ್ತ ಬಿಸಿಲಿನಲ್ಲಿ ಕುಳಿತರು. ಎಲ್ಲರೂ ಎಲ್ಲವನ್ನೂ ನೋಡಲೇಬೇಕೆಂಬ ಹಟವನ್ನು ಬಿಟ್ಟಿದ್ದರಿಂದಲೇ ಆ ದಿನ ಯಾರಿಗೂ ಆಯಾಸವಾಗಲಿಲ್ಲ.

ಟ್ರೇಲ್ ರಿಡ್ಜ್‌ಗೆಂದು ಗೊತ್ತುಮಾಡಿದ್ದ ಬೆಳಿಗ್ಗೆ, ರಾತ್ರಿ ಬಿದ್ದ ಹೊಸ ಹಿಮದಿಂದಾಗಿ ಮೆನಿ ಪಾರ್ಕ್ಸ್ ಕರ್ವ್ ಬಳಿ ರಸ್ತೆಗೆ ಅಡ್ಡಗಟ್ಟೆ ಹಾಕಿದ್ದರು. ಖಾಲಿ ಬಿಟ್ಟಿದ್ದ ದಿನ ಆಗ ಕೈಹಿಡಿಯಿತು. ಮರುದಿನ ರಸ್ತೆ ತೆರೆಯಿತು. ಮರಗಳ ಸಾಲು ಮುಗಿದ ಮೇಲೆ ಎರಡೂ ಬದಿಗೆ ಕಾರಿಗಿಂತ ಎತ್ತರದ ಹಿಮದ ಗೋಡೆಗಳಿದ್ದವು, ಕೆಲವೆಡೆ ರಸ್ತೆಯಂಚಿಗೆ ತಡೆಗಂಬಿಯೂ ಇರಲಿಲ್ಲ. 11,716 ಅಡಿಯ ಫಾರೆಸ್ಟ್ ಕ್ಯಾನ್ಯನ್ ನೋಟತಾಣದಲ್ಲಿ ನಿಲ್ಲಿಸಿದಾಗ ಅಪ್ಪ ಬಾಗಿಲು ತೆರೆಯಲಿಲ್ಲ. ಕೇಳಿದ್ದಕ್ಕೆ, "ತಲೆ ಸ್ವಲ್ಪ ಭಾರ, ಏನಿಲ್ಲ, ನೀವು ಮುಂದೆ ನಡೀರಿ" ಎಂದರು. ರಸ್ತೆಯ ಅತಿ ಎತ್ತರದ ಜಾಗಕ್ಕೆ ಇನ್ನು ಕೆಲವೇ ಮೈಲಿ ಉಳಿದಿತ್ತು. ತಲೆನೋವು ಬಂದವರು ಮೇಲೆ ಹೋಗಬಾರದು, ಕೆಳಗಿಳಿಯಬೇಕು ಎಂಬುದನ್ನು ಮನೆಯಲ್ಲೇ ಎಲ್ಲರೂ ಕೂತು ಒಪ್ಪಿಕೊಂಡಿದ್ದರಿಂದ, ಮಕ್ಕಳೂ ಮರುಮಾತಾಡದೆ ಕಾರು ಹತ್ತಿದರು. ಬ್ರೇಕ್ ಕಾಯದಂತೆ ಕೆಳಗಿನ ಗೇರಿನಲ್ಲಿ ನಿಧಾನವಾಗಿ ಇಳಿದೆವು.

ಸುಮಾರು 3,000 ಅಡಿ ಕೆಳಗೆ, ಶೀಪ್ ಲೇಕ್ಸ್ ಬಳಿ ರೇಂಜರ್ ಒಬ್ಬರು ರಸ್ತೆಯ ನಡುವೆ ನಿಂತು ವಾಹನಗಳನ್ನು ತಡೆದಿದ್ದರು. ಬೇಸಿಗೆಯ ಆರಂಭದಲ್ಲಿ ಮಣ್ಣಿನ ಲವಣಕ್ಕಾಗಿ ಬೆಟ್ಟದಿಂದ ಇಳಿದು ಬರುವ ದೊಡ್ಡಕೊಂಬಿನ ಕಾಡುಕುರಿಗಳ ಹಿಂಡೊಂದು ರಸ್ತೆ ದಾಟುತ್ತಿತ್ತು. ಅವು ದಾಟಿದ ಮೇಲೆ ವಾಹನ ನಿಲ್ಲಿಸುವ ಜಾಗದಲ್ಲಿ ಕಾರು ಹಾಕಿದೆವು. ಕುರಿಗಳಿಗೂ ನಮಗೂ 75 ಅಡಿಯ ಅಂತರವಿರಬೇಕೆಂಬ ನಿಯಮವನ್ನು ಮಗ ಹೇಳುತ್ತಿದ್ದಂತೆ, ಬೆಳಗಿನಿಂದ ಕೆಳಗಿಳಿಯದಿದ್ದ ಅಪ್ಪ ತಾವಾಗಿಯೇ ಬಾಗಿಲು ತೆರೆದು ಇಳಿದು, "ಆ ದುರ್ಬೀನು ಕೊಡೋ ಮಗಾ" ಎಂದು ಕೈಚಾಚಿದರು.