ಅಪ್ಪನಿಗೆ ಶಾಲು ಬೇಡವಾಗಿತ್ತು

ಬೆಂಗಳೂರಿನ ಫುಟ್‌ಬಾಲ್‌ನಲ್ಲಿ ಆಡಿದವರ ಹೆಸರು ಉಳಿಯುತ್ತದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಗೋಲು ಹೊಡೆದ ಎಸ್. ರಾಮನ್ ನಮ್ಮೂರಿನವರು ಅಂತ ಹಳಬರು ಈಗಲೂ ಹೇಳುತ್ತಾರೆ. ನಮ್ಮ ಗೌತಮಪುರದಲ್ಲಂತೂ ಪೆಲೆಗೇ ಪ್ರತಿಮೆ ಇದೆ. ಆಟ ನಡೆಸಿಕೊಟ್ಟವರನ್ನು ಯಾರು ನೆನೆಯುತ್ತಾರೆ? ನನ್ನ ಅಪ್ಪ ಆ ಸಾಲಿನವರು, ಇಲ್ಲಿನ ಹುಡುಗರ ಟೀಮನ್ನು ನೋಡಿಕೊಂಡವರು. ಫ್ಯಾಕ್ಟರಿ ಶಿಫ್ಟ್ ಮುಗಿಸಿ ನೇರ ಗ್ರೌಂಡಿಗೆ. ಒಂದು ರೂಪಾಯಿ ಸಂಬಳ ಇಲ್ಲ.

ಅವರಿಗೆ ಎಪ್ಪತ್ತೈದು ತುಂಬುವ ಹೊತ್ತಿಗೆ ಹಳೇ ಹುಡುಗರೆಲ್ಲ ಸೇರಿ ಸನ್ಮಾನ ಮಾಡೋಣ ಅಂದರು. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಅಪ್ಪ ಒಂದೇ ಮಾತಲ್ಲಿ ಮುಗಿಸಿದರು. "ಆ ದುಡ್ಡಿಗೆ ಬಾಲ್ ತಗೊಳ್ರೋ."

ಸರಿ, ಹಾಗಾದರೆ ಅವರು ಮಾಡುತ್ತಿದ್ದ ಕೆಲಸಗಳನ್ನೇ ಪಟ್ಟಿ ಮಾಡಿ, ಒಂದೊಂದನ್ನೂ ಒಬ್ಬೊಬ್ಬರು ವಹಿಸಿಕೊಳ್ಳೋಣ ಅಂದೆ. ಅಪ್ಪನನ್ನು ಕೇಳಿದರೆ "ನಾನೇನ್ ಮಾಡ್ದೆ, ಸುಮ್ನೆ ಅಲ್ಲಿ ಇರ್ತಿದ್ದೆ" ಅಂದರು. ಹಳೇ ಆಟಗಾರರಿಗೆ ಫೋನ್ ಮಾಡಿದೆ. ಅಪ್ಪನ ಬಗ್ಗೆ ಹೇಳಿ ಅಂದರೆ ಎಲ್ಲರದ್ದೂ ಒಂದೇ ಉತ್ತರ: ದೊಡ್ಡ ಮನುಷ್ಯ. ಅದರಿಂದ ಏನೂ ಸಿಗುವುದಿಲ್ಲ. ಪ್ರಶ್ನೆ ಬದಲಿಸಿದೆ. ನಿಮ್ಮ ಮೊದಲ ಬೂಟು ಎಲ್ಲಿಂದ ಬಂತು? ಲೀಗ್ ಫಾರಂ ತುಂಬಿಸಿದ್ದು ಯಾರು? ಕಾಲು ಮುರಿದಾಗ ಆಸ್ಪತ್ರೆಗೆ ಯಾರು ಕರಕೊಂಡು ಹೋದರು? ಆಮೇಲೆ ನನ್ನ ನೋಟ್‌ಬುಕ್ ಸಾಲಲಿಲ್ಲ.

ಗ್ರೌಂಡಿಗೆ ಗೆರೆ ಹಾಕುವುದನ್ನು ಮಾತ್ರ ಅಪ್ಪ ತಾವೇ ಕಲಿಸುತ್ತೇನೆ ಎಂದು ಹಟ ಹಿಡಿದರು. ಮೊದಲು ಮೂಲೆ. ಒಂದು ಕಡೆ 3 ಮೀಟರ್, ಇನ್ನೊಂದು ಕಡೆ 4 ಮೀಟರ್ ಅಳೆದು ಗೂಟ ನೆಡಬೇಕು. ಎರಡು ಗೂಟಗಳ ನಡುವೆ ಸರಿಯಾಗಿ 5 ಮೀಟರ್ ಬಂದರೆ ಮೂಲೆ ನೆಟ್ಟಗಿದೆ. ಇಲ್ಲಿ ತಪ್ಪಿದರೆ ಮುಂದಿನದೆಲ್ಲ ಸೊಟ್ಟ. ಅವರ ಹಗ್ಗದಲ್ಲಿ 9.15 ಮೀಟರಿಗೆ ಒಂದು ಗಂಟು, ನಡುವಿನ ವೃತ್ತಕ್ಕೆ. 11 ಮೀಟರಿಗೆ ಇನ್ನೊಂದು, ಪೆನಾಲ್ಟಿ ಚುಕ್ಕೆಗೆ. 16.5 ಮೀಟರಿಗೆ ಮತ್ತೊಂದು, ಗೋಲಿನ ಮುಂದಿನ ಪೆನಾಲ್ಟಿ ಚೌಕಕ್ಕೆ. ಟೇಪ್ ಇದೆಯಲ್ಲ ಅಂದರೆ, "ಟೇಪು ಕಳೆದುಹೋಗುತ್ತೆ, ಹಗ್ಗ ಯಾರೂ ಕದಿಯಲ್ಲ" ಅನ್ನುತ್ತಾರೆ. ನಾವು ಬದಲಾಯಿಸಿದ್ದು ಸುಣ್ಣ ಒಂದನ್ನೇ. ಅದು ಕಣ್ಣಿಗೆ, ಚರ್ಮಕ್ಕೆ ಉರಿ. ಈಗ ಚಾಕ್ ಪೌಡರ್.

ಫಾರಂ ಕೆಲಸ ನನ್ನ ಪಾಲಿಗೆ ಬಂತು. ಈಗ ಆಟಗಾರರ ನೋಂದಣಿ ಆನ್‌ಲೈನ್. ಕೆಲಸ ಕಮ್ಮಿಯಾಗಿದೆ ಅಂದುಕೊಳ್ಳಬೇಡಿ. ಜನನ ಪ್ರಮಾಣಪತ್ರದಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ಮನೆಮನೆಗೆ ಹೋಗಿ ಅಮ್ಮಂದಿರನ್ನು ಒಪ್ಪಿಸಿ ಕಾಗದ ಹೊಂದಿಸುವುದು ಅಪ್ಪನ ಕಾಲದ ಹಾಗೇ ಇದೆ. 2023ರಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷಗಳ ಮೇಲೆ ಕರ್ನಾಟಕ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿತಲ್ಲ, ಆಗ ಅಪ್ಪ ಕೇಳಿದ್ದೂ ಇದನ್ನೇ: "ಈ ಹುಡುಗರ ಫಾರಂ ಯಾರು ತುಂಬಿಸಿದರೋ?"

ಸಮಾರಂಭ ಚಿಕ್ಕದಾಗಿಯೇ ಆಯಿತು. ಮಕ್ಕಳ ಮ್ಯಾಚಿಗೆ ಅಪ್ಪನೇ ಟಾಸ್ ಹಾಕಿದರು. ಭಾಷಣದ ಬದಲು ನಾನು ಪಟ್ಟಿ ಓದಿದೆ. ಯಾವ ಕೆಲಸ ಯಾರಿಗೆ ಅಂತ ಅಲ್ಲೇ ಹೆಸರು ಬರೆಸಿಕೊಂಡೆ. ಅದರಲ್ಲಿ ಅರ್ಧ ಅಮ್ಮ ಮಾಡಿದ್ದು. ಜೆರ್ಸಿಗೆ ನಂಬರ್ ಹೊಲಿಯುವುದು, ಹೊರಗಿನಿಂದ ಬಂದ ಟೀಮಿಗೆ ಊಟ, ಕೆಸರಾದ ಬಟ್ಟೆ ಒಗೆಯುವುದು. ಪಟ್ಟಿ ಮಾಡದೆ ಶಾಲು ಹೊದಿಸಿದ್ದರೆ ಇದು ಯಾರಿಗೂ ಹೊಳೆಯುತ್ತಿರಲಿಲ್ಲ. ಗೆರೆ ಹಾಕಲು ಪೈಪೋಟಿಯೇ ನಡೆಯಿತು. ಜೆರ್ಸಿ ಒಗೆಯಲು ಮಾತ್ರ ಇನ್ನೂ ಯಾರೂ ಹೆಸರು ಕೊಟ್ಟಿಲ್ಲ.